ಇತರೆ ಬಾಬ್ತು

ಫ್ರಿಜ್ಜಿನ ಬಾಗಿಲು

ದಸರಾ ರಜೆ ಮುಗಿಸಿ ಮೊಮ್ಮಗಳು ಬೆಂಗಳೂರಿಗೆ ವಾಪಸಾಗಿ ವಾರ ಕಳೆಯಿತು. ಅವಳು ಬರೆದು ಅಂಟಿಸಿದ ಚಾರ್ಟು ಮಾತ್ರ ಫ್ರಿಜ್ಜಿನ ಮೇಲೆ ಉಳಿದಿದೆ. ಹಾಲು ತೆಗೆಯಲು ಹೋದಾಗಲೆಲ್ಲ ಓದುತ್ತೇನೆ. ಮೇಲೆ ‘ಪ್ರಾಣಿಗಳು’. ಕೆಳಗೆ ಎರಡು ಕವಲು: ಬೆನ್ನುಮೂಳೆ ಇರುವವು, ಇಲ್ಲದವು. ಇರುವವುಗಳಿಗೆ ಐದು ಮನೆ. ಮೀನು, ಉಭಯವಾಸಿ, ಸರೀಸೃಪ, ಪಕ್ಷಿ, ಸಸ್ತನಿ. ಒಂದೊಂದಕ್ಕೂ ಬಣ್ಣದ ಪೆನ್ಸಿಲಿನ ಚಿತ್ರ. ಕಪ್ಪೆಯ ಕಣ್ಣಿಗೆ ಕಾಡಿಗೆ ಕೂಡ ಹಚ್ಚಿದ್ದಾಳೆ. ಇಲ್ಲದವುಗಳ ಕೆಳಗೆ ಜಾಗ ಸಾಲದೆ ಒಂದು ಜೇಡ, ಒಂದು ಬಸವನಹುಳು, ಆಮೇಲೆ ‘ಇತ್ಯಾದಿ’.

ನಾನು ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ಮಾಡಿಕೊಂಡೇ ಕೂದಲು ಉದುರಿಸಿಕೊಂಡವನು. ಕಣ್ಣು ತಾನಾಗಿ ಆ ‘ಇತ್ಯಾದಿ’ಯ ಮೇಲೆ ಹೋಗಿ ನಿಂತಿತು. ಇದುವರೆಗೆ ಹೆಸರಿಟ್ಟು ವಿವರಿಸಿದ ಪ್ರಾಣಿಜಾತಿಗಳು ಸುಮಾರು 15 ಲಕ್ಷ. ಅದರಲ್ಲಿ ಬೆನ್ನುಮೂಳೆ ಇರುವವು 70 ಸಾವಿರದ ಆಸುಪಾಸು. ನೂರಕ್ಕೆ ಐದು ಅಂದುಕೊಳ್ಳೋಣ. ಉಳಿದ 95 ಎಲ್ಲಿ? ‘ಇತ್ಯಾದಿ’ಯಲ್ಲಿ. ಯಾವುದಾದರೂ ಶಾಖೆಯವರು ನೂರು ರೂಪಾಯಿಯಲ್ಲಿ ತೊಂಬತ್ತೈದನ್ನು ‘ಇತರೆ’ ಬಾಬ್ತಿಗೆ ಬರೆದಿದ್ದರೆ, ಅವರು ತರಿಸಿಕೊಟ್ಟ ಕಾಫಿ ಕುಡಿದು ಸಹಿ ಹಾಕಿ ಬರುವ ಜಾಯಮಾನ ನನ್ನದಾಗಿರಲಿಲ್ಲ.

ತಪ್ಪು ಮಗುವಿನದಲ್ಲ. ಈ ಬಾಬ್ತು ಶುರುವಾದ ಕತೆಯೇ ಹಾಗಿದೆ. 1793ರಲ್ಲಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಹುದ್ದೆ ಹಂಚುವಾಗ, ಯಾರಿಗೂ ಬೇಡವಾದ ಕೀಟ-ಹುಳುಗಳ ವಿಭಾಗವನ್ನು ಲಾಮಾರ್ಕ್ ಎಂಬವನಿಗೆ ಕೊಟ್ಟರು. ವಯಸ್ಸು ಐವತ್ತರ ಹತ್ತಿರ. ಅಲ್ಲಿಯವರೆಗೆ ಆತ ಸಸ್ಯಶಾಸ್ತ್ರಿ. (ಇಲ್ಲಿ ಚೆನ್ನೈಯಲ್ಲಿ ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರಲ್ಲ, ಅವರಿಗೆ ಯಾರಾದರೂ ಹುಳುಗಳ ಖಾತೆ ವಹಿಸಿದ್ದರೆ ನಮಗೆ ಇನ್ನೊಂದು ‘ಕಾಲೇಜು ರಂಗ’ ಸಿಕ್ಕುತ್ತಿತ್ತು.) ಹಳೇ ಕಡತಗಳ ಕೋಣೆಗೆ ವರ್ಗವಾದ ಗುಮಾಸ್ತನ ಹಾಗೆ ಲಾಮಾರ್ಕ್ ಕೂತು ಒಂದೊಂದೇ ಕಟ್ಟು ಬಿಚ್ಚಿದ. 1809ರ ಹೊತ್ತಿಗೆ ಆ ರಾಶಿಯಲ್ಲಿ ಹತ್ತು ವರ್ಗ ಮಾಡಿದ್ದ. ಆದರೆ ಇಡೀ ರಾಶಿಗೆ ‘ಬೆನ್ನುಮೂಳೆ ಇಲ್ಲದವು’ ಎಂದು ಹೆಸರಿಟ್ಟವನೂ ಅವನೇ. ಕೋಣೆ ಗುಡಿಸಿದ, ಬಾಗಿಲ ಫಲಕದಲ್ಲಿ ಮಾತ್ರ ‘ಇತರೆ’ ಎಂದೇ ಉಳಿಯಿತು.

ಹುಳು

ಮಳೆ ಹಿಡಿದಿದೆ. ಇಲ್ಲಿಯ ಮಳೆ ನಮ್ಮ ಕಡೆಯದರ ತಿರುಗುಮುರುಗು. ಉಡುಪಿಯಲ್ಲಿ ಕೊಡೆ ಮಡಚಿಟ್ಟ ಮೇಲೆ ಚೆನ್ನೈಯಲ್ಲಿ ಬಿಚ್ಚಬೇಕು. ಬಾಲ್ಕನಿಯ ಗೋಡೆಗೆ ಬಸವನಹುಳು ಹತ್ತಿದೆ. ಕೊಂಬಿರುವುದಕ್ಕೆ ಬಸವ, ಸರಿ. ಹುಳು ಏಕೆ?

ಬರೆದು ನೋಡಿದೆ. ಎರೆಹುಳು: ಮೈತುಂಬ ಉಂಗುರ, ವಲಯವಂತಗಳ ಪೈಕಿ. ರೇಷ್ಮೆಹುಳು: ಪತಂಗದ ಮರಿ, ಅಂದರೆ ಕೀಟ. ಮಿಣುಕುಹುಳು: ಅದೂ ಕೀಟ, ಜೀರುಂಡೆಯ ಬಳಗ. ಜಂತುಹುಳು: ಉಂಗುರವಿಲ್ಲದ ದುಂಡು ನಳಿಕೆ, ಬೇರೆಯೇ ವಂಶ. ಲಾಡಿಹುಳು: ಚಪ್ಪಟೆ, ಅದಕ್ಕೆ ಕರುಳೇ ಇಲ್ಲ, ನಮ್ಮ ಕರುಳಿನಲ್ಲಿ ಕೂತು ಮೈಯಿಂದಲೇ ಹೀರುತ್ತದೆ, ಮತ್ತೊಂದು ವಂಶ. ಬಸವನಹುಳು: ಮೆತ್ತನೆಯ ಮೈ, ಹೊಟ್ಟೆಯಡಿಯಲ್ಲಿ ಒಂದೇ ದೊಡ್ಡ ಪಾದ, ಬೆನ್ನ ಮೇಲೆ ಚಿಪ್ಪು. ಮೃದ್ವಂಗಿ, ಮರುವಾಯಿ ಚಿಪ್ಪಿನ ನೆಂಟ. ಹಾಗೆ ನೋಡಿದರೆ ಆ ಚಿಪ್ಪಿಗೆ ‘ಕಪ್ಪೆಚಿಪ್ಪು’ ಅಂತ ಹೆಸರಿಟ್ಟವರು ಯಾರು? ಯಾವ ಕಪ್ಪೆ ಅದರೊಳಗೆ ಇತ್ತು?

ಒಂದೇ ‘ಹುಳು’ವಿನಲ್ಲಿ ಐದು ವಂಶ. ಆಡುಮಾತಿನ ‘ಹುಳಹುಪ್ಪಟೆ’ ಇದೆಯಲ್ಲ, ಅದೇ ನಮ್ಮ ‘ಇತರೆ’. ತಮಿಳರು ‘ಪೂಚ್ಚಿ’ ಅನ್ನುತ್ತಾರೆ, ಜಿರಳೆಗೂ ಚಿಟ್ಟೆಗೂ ತಗಣೆಗೂ ಅದೇ.

ನಮ್ಮವರು ಓದದವರು ಅಂತ ನಗುವ ಹಾಗಿಲ್ಲ. ಲಿನೇಯಸ್ ಪಂಡಿತ 1758ರಲ್ಲಿ ತನ್ನ ಗ್ರಂಥದ ಹತ್ತನೇ ಆವೃತ್ತಿಯಲ್ಲಿ ಎಲ್ಲ ಪ್ರಾಣಿಗಳಿಗೂ ಆರು ವರ್ಗ ಮಾಡಿದ. ಸಸ್ತನಿ, ಪಕ್ಷಿ, ಉಭಯವಾಸಿ, ಮೀನು, ಕೀಟ. ಆರನೆಯದು ‘ವರ್ಮೀಸ್’, ಶುದ್ಧ ಕನ್ನಡದಲ್ಲಿ ಹುಳು. ಎರೆಹುಳು, ಬಸವನಹುಳು, ಮರುವಾಯಿ, ನಕ್ಷತ್ರಮೀನು, ಲೋಳೆಮೀನು, ಎಲ್ಲ ಅದರೊಳಗೆ. ಏಡಿ, ಜೇಡ ಅವನಿಗೆ ಕೀಟ. ಶಾರ್ಕು ಉಭಯವಾಸಿ! ಈ ಲಿನೇಯಸ್ಸನ ಶಿಷ್ಯ ಕೋನಿಗ್ 1768ರಲ್ಲಿ ಇದೇ ಕರಾವಳಿಯ ತರಂಗಂಬಾಡಿಗೆ ಬಂದು ಇಳಿದ. ಆಮೇಲೆ ಆರ್ಕಾಟಿನ ನವಾಬನ ಸಂಬಳಕ್ಕೆ ಸೇರಿದ, ಅದರ ಬಳಿಕ ಕಂಪನಿಯ ಸಂಬಳಕ್ಕೆ. ತಂಜಾವೂರಿನ ಗೆದ್ದಲಿನ ಬಗ್ಗೆ 1779ರಲ್ಲೇ ಬರೆದ. ಗೆದ್ದಲನ್ನು ನಾವು ಬಿಳಿ ಇರುವೆ ಅನ್ನುತ್ತೇವೆ. ಇರುವೆಗೂ ಅದಕ್ಕೂ ಸಂಬಂಧ ದೂರ. ಅದು ಜಿರಳೆಯ ದಾಯಾದಿ. ಈ ಮಾತನ್ನು ಹೆಂಡತಿಗೆ ಹೇಳಿದಾಗ, “ಎರಡೂ ಒಂದೇ ಸಂಸಾರ ಅಂತ ಗೊತ್ತಾಯಿತಲ್ಲ, ಒಂದೇ ಔಷಧಿ ತನ್ನಿ” ಅಂದಳು.

ಊರೂರ್ ಆಲ್ಕಾಟ್ ಕುಪ್ಪಂ, ಬೆಳಿಗ್ಗೆ ಏಳು

ಬೆಸೆಂಟ್ ನಗರದ ಕಡಲ ಬದಿಯ ಮೀನುಗಾರರ ಕೇರಿ. ಮೀನಿನ ಅಕ್ಕ (ಹೆಸರು ಕೇಳಿಲ್ಲ, ‘ಅಕ್ಕಾ’ ಅಂದರೆ ತಿರುಗುತ್ತಾಳೆ) ನೀಲಿ ಟಾರ್ಪಾಲಿನ ಮೇಲೆ ಈ ದಿನದ ಮಾಲು ಹರಡಿದ್ದಾಳೆ. ವಂಜರಂ, ಅಂದರೆ ನಮ್ಮ ಅಂಜಲ್. ವವ್ವಾಲ್, ನಮ್ಮ ಮಾಂಜಿ. ತಿರುಕ್ಕೈ, ನಮ್ಮ ತೊರಕೆ. ಮೊಳಕೈ ಉದ್ದದ ಸುರಾ, ಶಾರ್ಕಿನ ಮರಿ. ಪಕ್ಕದಲ್ಲಿ ನಂಡು, ಇರಾಲ್, ಕಣವೈ: ಏಡಿ, ಸಿಗಡಿ, ಬೊಂಡಾಸ್.

ವವ್ವಾಲ್ ಅಂದರೆ ತಮಿಳಿನಲ್ಲಿ ಬಾವಲಿಯೂ ಹೌದು. ಈ ಊರಿಗೆ ಬಂದ ಹೊಸತರಲ್ಲಿ ‘ವವ್ವಾಲ್ ವರುವಲ್’ (ಹುರಿದ ವವ್ವಾಲ್) ಎಂಬ ಬೋರ್ಡು ಓದಿಸಿಕೊಂಡು ಹೆಂಡತಿ ಹೋಟೆಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದಳು.

ಸುರಾವನ್ನು ಎತ್ತಿ ನೋಡಿದೆ. ತಲೆಯಿಂದ ಬಾಲದ ಕಡೆ ಸವರಿದರೆ ನಯ. ಬಾಲದಿಂದ ತಲೆಯ ಕಡೆ ಸವರಿದರೆ ಸ್ಯಾಂಡ್ ಪೇಪರ್. ಅಂಜಲ್, ಮಾಂಜಿಯಂಥ ಮೀನುಗಳ ಹುರುಪೆಯಲ್ಲ ಅದು. ಹಲ್ಲಿನಂಥದೇ ಪದಾರ್ಥದ ಸಣ್ಣ ಸಣ್ಣ ಮುಳ್ಳು ಚರ್ಮದ ತುಂಬ ನಾಟಿಕೊಂಡಿವೆ. ಮಾಂಜಿಯ ಕಿವಿರಿಗೆ ಮುಚ್ಚಳವಿದೆ. ಇದಕ್ಕಿಲ್ಲ. ಕುತ್ತಿಗೆಯ ಎರಡೂ ಬದಿಗೆ ಬ್ಲೇಡಿನಲ್ಲಿ ಗೀರಿದಂತೆ ಐದೈದು ಸೀಳು, ಅಷ್ಟೇ. ಅಕ್ಕ ಅದನ್ನು ಮೆಟ್ಟುಕತ್ತಿಗೆ ಒತ್ತಿದಳು. ಅಂಜಲ್ ತುಂಡು ಮಾಡುವಾಗ ನಡು ಎಲುಬಿಗೆ ಬಂದು ಕಟಕ್ ಅನ್ನುತ್ತದಲ್ಲ, ಆ ಸದ್ದೇ ಇಲ್ಲ. ಮೂಲಂಗಿ ಹೆಚ್ಚಿದ ಹಾಗೆ ಇಳಿಯಿತು. ಶಾರ್ಕು, ತೊರಕೆಗಳ ಮೈಯಲ್ಲಿ ಮೂಳೆಯೇ ಇಲ್ಲ; ಬೆನ್ನಿನ ಸರಪಳಿಯೂ ನಮ್ಮ ಹೊರಕಿವಿಯಲ್ಲಿರುವಂಥ ಮೃದ್ವಸ್ಥಿ. ಆದರೂ ಚಾರ್ಟಿನಲ್ಲಿ ಅವು ‘ಬೆನ್ನುಮೂಳೆ ಇರುವವು’. ಬಾಣಂತಿಯರಿಗೆ ಇಲ್ಲಿ ಸುರಾ ಪುಟ್ಟು ಮಾಡಿ ಕೊಡುತ್ತಾರೆ. ಬೇಯಿಸಿದರೆ ಪುಡಿಯಾಗುತ್ತದೆ, ಮುಳ್ಳಿನ ಹೆದರಿಕೆಯಿಲ್ಲ.

ಅಷ್ಟರಲ್ಲಿ ಅಕ್ಕ ಕಣವೈ ಕೈಗೆತ್ತಿಕೊಂಡಳು. ಬೆನ್ನು ಸೀಳಿ ಒಳಗಿನಿಂದ ಬಿಳಿಯ, ದೋಣಿಯಾಕಾರದ ಒಂದು ಹಲಗೆ ಎಳೆದು ಮರಳಿನ ಮೇಲೆ ಎಸೆದಳು. ಪಂಜರದ ಗಿಣಿಗೆ ಕೊಕ್ಕು ತಿಕ್ಕಿಕೊಳ್ಳಲು ಕಟ್ಟುತ್ತಾರಲ್ಲ, ಅದು. ಅಂಗಡಿಯಲ್ಲಿ ಸಮುದ್ರ ನೊರೆ ಅನ್ನುತ್ತಾರೆ, ತಮಿಳಿನಲ್ಲೂ ಕಡಲ್ ನುರೈ. ಕೈಗೆತ್ತಿಕೊಂಡರೆ ಥರ್ಮೋಕೋಲಿನಷ್ಟು ಹಗುರ. ಉಗುರು ತಾಗಿಸಿದರೆ ಸೀಮೆಸುಣ್ಣ. ಮುರಿದ ಅಂಚಿನಲ್ಲಿ ಹಾಳೆ ಹಾಳೆಯಾಗಿ ಪದರ, ಪದರಗಳ ನಡುವೆ ಖಾಲಿ. ಆ ಖಾಲಿಯಲ್ಲಿ ಗಾಳಿ-ನೀರಿನ ಪ್ರಮಾಣ ಹೆಚ್ಚುಕಡಿಮೆ ಮಾಡಿಕೊಂಡು ಪ್ರಾಣಿ ನೀರಿನಲ್ಲಿ ತೇಲುತ್ತದೆ, ಇಳಿಯುತ್ತದೆ.

“ಇದು ಎಲುಂಬಾ ಅಕ್ಕಾ?” ಎಂದು ನನ್ನ ಹರಕು ತಮಿಳಿನಲ್ಲಿ ಕೇಳಿದೆ.

“ಎಲುಂಬು ಇಲ್ಲೆ ಸಾರ್, ಓಡು” ಅಂದಳು, ತಲೆ ಎತ್ತದೆ.

ಓಡು. ನಮ್ಮಲ್ಲೂ ಅದೇ ಮಾತು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ಅವಳ ಮಾತೇ ಸರಿ. ಬಸವನಹುಳು ಬೆನ್ನ ಮೇಲೆ ಹೊರುವ ಚಿಪ್ಪನ್ನೇ ಕಣವೈಯ ಹಿರೀಕರು ಮೈಯೊಳಗೆ ಎಳೆದುಕೊಂಡರು. ಅದು ಮೃದ್ವಂಗಿಯೇ. ಮೂರು ಹೃದಯ, ಕಬ್ಬಿಣದ ಬದಲು ತಾಮ್ರ ಹೊತ್ತ ನೀಲಿ ರಕ್ತ, ಕಣ್ಣು ಮಾತ್ರ ನಮ್ಮದರ ಹಾಗೆ. ಅಂತೂ ಒಂದೇ ಟಾರ್ಪಾಲಿನ ಮೇಲೆ, ಮೂಳೆಯಿಲ್ಲದ ಬೆನ್ನುಮೂಳೆಯವನು ಒಬ್ಬ, ಬೆನ್ನಲ್ಲಿ ಹಲಗೆಯಿಟ್ಟುಕೊಂಡೂ ಬೆನ್ನುಮೂಳೆಯಿಲ್ಲದವನು ಇನ್ನೊಬ್ಬ. ಇಬ್ಬರ ಲೆಕ್ಕವನ್ನೂ ನಾನಾಗಿದ್ದರೆ ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತಿದ್ದೆ.

ಸೆತ್ತ ಕಾಲೇಜು

ಎಗ್ಮೋರಿನ ವಸ್ತುಸಂಗ್ರಹಾಲಯ, 1851ರದು. ಮೊದಲು ಉಸ್ತುವಾರಿ ನೋಡಿಕೊಂಡವನು ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯ. ಜನ ಬರಲಿ ಎಂದು ಆವರಣದಲ್ಲಿ ಜೀವಂತ ಪ್ರಾಣಿಗಳನ್ನೂ ಇಟ್ಟ. 1855ರ ಆ ಬೋನುಗಳೇ ಮದ್ರಾಸಿನ ಮೃಗಾಲಯದ ಮೊದಲು. ಅದು ಆಮೇಲೆ ಸೆಂಟ್ರಲ್ ಸ್ಟೇಷನ್ ಬಳಿಯ ಪೀಪಲ್ಸ್ ಪಾರ್ಕಿಗೆ ಹೋಯಿತು, 1985ರಲ್ಲಿ ವಂಡಲೂರಿಗೆ. ಊರಿನ ಹಳಬರು ಮ್ಯೂಸಿಯಮ್ಮಿಗೆ ‘ಸೆತ್ತ ಕಾಲೇಜು’, ಮೃಗಾಲಯಕ್ಕೆ ‘ಉಯಿರ್ ಕಾಲೇಜು’ ಅನ್ನುತ್ತಿದ್ದರು. ಸತ್ತವುಗಳದೊಂದು, ಜೀವ ಇರುವವುಗಳದೊಂದು. ನಾನು ಕಂಡ ವಿಂಗಡಣೆಗಳಲ್ಲೆಲ್ಲ ಆಕ್ಷೇಪಣೆಗೆ ಎಡೆಯೇ ಇಲ್ಲದ್ದು ಇದೊಂದೇ.

ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಬಹಳ ಹೊತ್ತು ನಿಂತೆ. ಹೊರಗಿನಿಂದ ಹುಟ್ಟಿನ ಹಾಗೆ ಕಾಣುವ ಈಜುರೆಕ್ಕೆಯೊಳಗೆ ತೋಳಿನ ಮೂಳೆ, ಮುಂಗೈಯ ಜೋಡಿ ಮೂಳೆ, ಮಣಿಕಟ್ಟು, ಬೆರಳುಗಳು. ನನ್ನ ಕೈಯನ್ನು ಎದುರು ಹಿಡಿದು ತಾಳೆ ನೋಡಿದೆ. ಕಾವಲಿನವನು ಏನೋ ಶಾಪ ಹಾಕುತ್ತಿದ್ದೇನೆ ಅಂದುಕೊಂಡಿರಬೇಕು, ಹತ್ತಿರ ಬಂದು ನಿಂತ. ಬಾವಲಿಯ ರೆಕ್ಕೆಯಲ್ಲೂ ಅದೇ ಪಟ್ಟಿ, ಬೆರಳುಗಳು ಕೊಡೆಯ ಕಡ್ಡಿಯ ಹಾಗೆ ಉದ್ದವಾಗಿವೆ, ಅಷ್ಟೆ. ಇನ್ನು ಬಾಲ: ಶಾರ್ಕು ಎಡಬಲಕ್ಕೆ ಬೀಸಿ ಈಜುತ್ತದೆ, ತಿಮಿಂಗಿಲ ಮೇಲೆಕೆಳಗೆ. ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡುತ್ತಿದ್ದ ಕಾಲದಲ್ಲಿ ಬೆನ್ನು ಬಾಗುತ್ತಿದ್ದ ಅಭ್ಯಾಸವನ್ನು ನೀರಿಗೆ ಇಳಿದ ಮೇಲೂ ಬಿಟ್ಟಿಲ್ಲ. ಅದನ್ನು ಮೀನಿನ ಪಟ್ಟಿಯಿಂದ ತೆಗೆದು ಹಾಲೂಡುವವರ ಪಟ್ಟಿಗೆ ಬರೆದವನು ಅದೇ 1758ರ ಲಿನೇಯಸ್. ಹುಳುಗಳ ವಿಷಯದಲ್ಲಿ ಅವನ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು.

ಬಸ್ಸಿನಲ್ಲಿ ಬರುವಾಗ ಹೊಳೆದದ್ದು: ಇಲ್ಲಿಯವರ ಪುಲಿ ನಮ್ಮ ಹುಲಿ. ಪಾಂಬು ಹಾವು, ಪಲ್ಲಿ ಹಲ್ಲಿ, ಪನ್ರಿ ಹಂದಿ. ಅವರ ಪುಳುವೇ ನಮ್ಮ ಹುಳು! ಮೇಲಿನ ಚರ್ಮ ಬದಲಾದರೂ ಒಳಗಿನ ಮೂಳೆ ಅದೇ. ಇದನ್ನು ಮೊದಲು ಸಾಧಿಸಿ ತೋರಿಸಿದ್ದೂ ಇದೇ ಊರಿನಲ್ಲಿ. ಮದ್ರಾಸಿನ ಕಲೆಕ್ಟರ್ ಆಗಿದ್ದ ಎಲ್ಲಿಸ್ 1816ರಲ್ಲಿ ತಮಿಳು, ತೆಲುಗು, ಕನ್ನಡ ಸಂಸ್ಕೃತದ ಮಕ್ಕಳಲ್ಲ, ತಮ್ಮದೇ ಒಂದು ಕುಟುಂಬ ಎಂದು ಬರೆದ. ಮರುವರ್ಷ ಪ್ಯಾರಿಸ್ಸಿನಲ್ಲಿ ಕ್ಯುವಿಯೇ ಎಂಬವನ ಗ್ರಂಥ ಬಂತು. ಪ್ರಾಣಿಗಳನ್ನು ಮೈಯೊಳಗಿನ ರಚನೆ ನೋಡಿ ನಾಲ್ಕು ದೊಡ್ಡ ಕವಲು ಮಾಡಿದ: ಕಶೇರುಕ, ಮೃದ್ವಂಗಿ, ಗಂಟುಗಂಟಿನವು, ಚಕ್ರದಂತೆ ಸುತ್ತಲೂ ಒಂದೇ ಸಮ ಇರುವವು. ಎರವಲು ಶಬ್ದ ಎಷ್ಟಿದ್ದರೂ ಭಾಷೆಯ ಜಾತಿ ಬದಲಾಗದು. ತಿಮಿಂಗಿಲಕ್ಕೆ ಮೀನಿನ ಆಕಾರ ಎರವಲು ಬಂದ ಹಾಗೆ.

ಮೊಸಳೆಯ ನೆಂಟರು

ವಡನೆಮ್ಮೇಲಿಯ ಮೊಸಳೆ ಬ್ಯಾಂಕು. ಮಹಾಬಲಿಪುರದ ದಾರಿಯಲ್ಲಿ, 1976ರಲ್ಲಿ ರಾಮ್ಯುಲಸ್ ವಿಟೇಕರ್ ಮತ್ತು ಝಾಯಿ ವಿಟೇಕರ್ ಕಟ್ಟಿದ್ದು. ಬ್ಯಾಂಕು ಎಂಬ ಹೆಸರಿಗೆ ಮರುಳಾಗಿ ಹೋದದ್ದೇ. ಇಲ್ಲಿ ಠೇವಣಿ ತಾನೇ ಮೊಟ್ಟೆಯಿಟ್ಟು ಬೆಳೆಯುತ್ತದೆ.

ಬಾಯಿ ತೆರೆದು ಮಲಗಿದ ಮೊಸಳೆ, ಆವರಣದ ಗೋಡೆಯ ಮೇಲೆ ಒಂದು ಕಾಗೆ. ಚಾರ್ಟಿನ ಪ್ರಕಾರ ಮೊಸಳೆಯ ಸಂಸಾರದವರು ಹಲ್ಲಿ, ಹಾವು, ಆಮೆ. ಕಾಗೆ ಬೇರೆ ಮನೆ. ಆದರೆ ಮೊಸಳೆಯ ಹೃದಯಕ್ಕೆ ಕಾಗೆಯದರ ಹಾಗೆ ನಾಲ್ಕು ಕೋಣೆ; ಹಲ್ಲಿಯದಕ್ಕೆ ಮೂರು. ತಾಯಿ ಮೊಸಳೆ ಗೂಡು ಕಾಯುತ್ತದೆ, ಮರಿಗಳ ಕೂಗು ಕೇಳಿ ಮಣ್ಣು ಕೆದಕಿ ತೆಗೆದು ಬಾಯಲ್ಲಿ ಕಚ್ಚಿ ನೀರಿಗೆ ಬಿಡುತ್ತದೆ. ವಂಶಾವಳಿ ಬರೆದರೆ ಮೊಸಳೆಗೆ ಹಲ್ಲಿಗಿಂತ ಕಾಗೆಯೇ ಹತ್ತಿರ. ಹಾಗಾದರೆ ‘ಸರೀಸೃಪ’ ಅನ್ನುವ ಮನೆ ಏನು? ಒಂದೇ ಅಜ್ಜನ ಮೊಮ್ಮಕ್ಕಳು, ಹಾರಲು ಕಲಿತವನ ಹೆಸರನ್ನು ಮಾತ್ರ ರೇಷನ್ ಕಾರ್ಡಿನಿಂದ ಹೊಡೆದುಹಾಕಿದ್ದಾರೆ.

ಅಡುಗೆಮನೆ

ಸಿಂಕಿನ ಕೆಳಗೆ ಜರಿ. ಶತಪದಿ ಎಂದು ದೊಡ್ಡ ಹೆಸರು. ಖಂಡಕ್ಕೊಂದು ಜೋಡಿ ಕಾಲು. ಲೆಕ್ಕ ಗೊತ್ತಾದ ಮೇಲೆ ನಿದ್ದೆ ಬರಲಿಲ್ಲ: ಬೆಳೆದ ಜರಿಗೆ ಕಾಲಿನ ಜೋಡಿಗಳು ಯಾವಾಗಲೂ ಬೆಸಸಂಖ್ಯೆ. ಹದಿನೈದು, ಇಪ್ಪತ್ತೊಂದು, ಹೀಗೆ. ನೂರು ಕಾಲು ಆಗಬೇಕಾದರೆ ಐವತ್ತು ಜೋಡಿ ಬೇಕು, ಐವತ್ತು ಸಮಸಂಖ್ಯೆ. ಹೆಸರಿನಲ್ಲೇ ಲೆಕ್ಕ ತಪ್ಪಿದೆ.

ಬಾಲ್ಕನಿಯ ಕುಂಡದಲ್ಲಿ ಸಹಸ್ರಪದಿ. ಖಂಡಕ್ಕೆ ಎರಡೆರಡು ಜೋಡಿ, ಮುಟ್ಟಿದರೆ ಚಕ್ಕುಲಿ. ಇಲ್ಲಿಯ ಮಕ್ಕಳು ರೈಲು ಪೂಚ್ಚಿ ಅನ್ನುತ್ತಾರೆ. ಅದಕ್ಕೂ ಸಾವಿರವಿಲ್ಲ. ನಿಜವಾಗಿ ಸಾವಿರ ದಾಟಿದ್ದು, 1,306 ಕಾಲಿನದು, ಆಸ್ಟ್ರೇಲಿಯಾದ ನೆಲದಾಳದಲ್ಲಿ ಸಿಕ್ಕಿ 2021ರಲ್ಲಿ ಹೆಸರು ಪಡೆಯಿತು. ಸಾವಿರ ಎಂದು ಬರೆದಿಟ್ಟ ಎಷ್ಟೋ ಕಾಲದ ಮೇಲೆ ವೋಚರು ಸಿಕ್ಕಿದ ಹಾಗೆ.

ಕೀಟಕ್ಕೆ ಆರು, ಜೇಡ-ಚೇಳಿಗೆ ಎಂಟು, ಏಡಿಗೆ ಕೊಂಡಿ ಸೇರಿ ಹತ್ತು. ಎಲ್ಲರಿಗೂ ಕಾಲಲ್ಲಿ ಕೀಲು, ಮೈಗೆ ಹೊರಗಿನ ಕವಚ. ಬೆಳೆಯಬೇಕಾದರೆ ಹಳೆಯದನ್ನು ಕಳಚಬೇಕು. ಸಂಧಿಪದಿಗಳು. ಹೆಸರಿಟ್ಟ ಪ್ರಾಣಿಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಇವೇ, ಅಂದರೆ ಫ್ರಿಜ್ಜಿನ ಮೇಲಿನ ಆ ಒಂಟಿ ಜೇಡ ಹನ್ನೆರಡು ಲಕ್ಷ ಜಾತಿಗಳ ಪರವಾಗಿ ಕೂತಿದೆ.

ಕೆಳಮನೆಯ ಮೇಷ್ಟ್ರು

ಕೆಳಮನೆಯಲ್ಲಿ ನಿವೃತ್ತ ತಮಿಳು ಮೇಷ್ಟ್ರು. ಚಾರ್ಟಿನ ವಿಷಯ ಹೇಳಿದೆ. ಅವರು ನಕ್ಕು ತೊಲ್ಕಾಪ್ಪಿಯಂ ತೆಗೆದರು. ಆ ಹಳೆಯ ವ್ಯಾಕರಣದಲ್ಲಿ ಜೀವಿಗಳ ಪಟ್ಟಿಯೇ ಇದೆ. ಒಂದು ಅರಿವು, ಸ್ಪರ್ಶ ಮಾತ್ರ: ಹುಲ್ಲು, ಮರ. ರುಚಿ ಸೇರಿ ಎರಡು: ಬಸವನಹುಳು, ಚಿಪ್ಪು. ವಾಸನೆ ಸೇರಿ ಮೂರು: ಗೆದ್ದಲು, ಇರುವೆ. ಕಣ್ಣು ಸೇರಿ ನಾಲ್ಕು: ಏಡಿ, ದುಂಬಿ. ಕಿವಿ ಸೇರಿ ಐದು: ಮೃಗಗಳು. ಮನಸ್ಸು ಸೇರಿ ಆರು: ಮನುಷ್ಯರು.

“ಇದು ನಮ್ಮಲ್ಲೂ ಇದೆ ಸಾರ್” ಅಂದೆ. ಜೈನರ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಏಣಿ: ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಪಂಪ, ರನ್ನರು ಅರಿತು ಬೆಳೆದ ಲೆಕ್ಕ ಇದೇ. ಮನಸ್ಸನ್ನು ಅವರು ಬೇರೆ ಕಾಲಮ್ಮಿನಲ್ಲಿ ಇಡುತ್ತಾರೆ.

ತಪ್ಪುಗಳಿವೆ, ನೋಡಿದೆ. ಇರುವೆಗಳಿಗೆ ಕಣ್ಣಿದೆ. ಬಸವನಹುಳು ವಾಸನೆ ಹಿಡಿದೇ ನನ್ನ ತುಳಸಿ ಕುಂಡ ಹುಡುಕಿಕೊಂಡು ಬರುವುದು. ಆದರೂ ಈ ಪಟ್ಟಿಯಲ್ಲಿ ಒಂದು ಮರ್ಯಾದೆ ಇದೆ. ಯಾರಿಗೆ ಏನಿಲ್ಲ ಎಂದು ಬರೆಯುವುದಿಲ್ಲ. ಇರುವುದನ್ನು ಜಮಾ ಮಾಡುತ್ತಾ ಹೋಗುತ್ತದೆ, ‘ಇತರೆ’ಗೆ ಯಾರೂ ಉಳಿಯುವುದಿಲ್ಲ. ಮೇಷ್ಟ್ರ ಹೆಂಡತಿ ಸುಂಡಲ್ ತಂದಿಟ್ಟರು. ಪಟ್ಟಿಯ ಜಗಳ ಅಲ್ಲಿಗೆ ನಿಂತಿತು.

ನೀಲಾಂಕರೈ, ಫೆಬ್ರವರಿ, ನಡುರಾತ್ರಿ ದಾಟಿ

ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಬಳಗದವರು 1988ರಿಂದ ಹೀಗೆ ದಡದಲ್ಲಿ ರಾತ್ರಿಯಿಡೀ ನಡೆಯುತ್ತಿದ್ದಾರೆ. ಈ ಸಲ ನಾನೂ ಹಿಂದೆ ಹಿಂದೆ. ಮರಳಿನ ಮೇಲೆ ಟ್ರ್ಯಾಕ್ಟರ್ ಹೋದಂಥ ಗುರುತು. ಅದರ ತುದಿಯಲ್ಲಿ ಆಲಿವ್ ರಿಡ್ಲೆ. ಹಿಂಗಾಲುಗಳನ್ನು ಸೌಟಿನ ಹಾಗೆ ಮಡಚಿ ಒಂದಾದ ಮೇಲೊಂದರಂತೆ ಮರಳು ತೆಗೆಯಿತು. ಟೇಬಲ್ ಟೆನಿಸ್ ಚೆಂಡಿನಂಥ ಮೊಟ್ಟೆಗಳು ಎರಡು, ಮೂರು ಸೇರಿ ಬಿದ್ದವು. ನೂರರ ಆಸುಪಾಸು ಇರುತ್ತವೆ. ನಾನು ಎಣಿಸುತ್ತಾ ನಲವತ್ತರಲ್ಲಿ ತಪ್ಪಿದೆ. ಆಮೇಲೆ ಗುಂಡಿ ಮುಚ್ಚಿ, ಎಡಕ್ಕೂ ಬಲಕ್ಕೂ ಮೈ ಕುಟ್ಟಿ ಮರಳು ಗಟ್ಟಿ ಮಾಡಿತು. ಧಪ್ ಧಪ್ ಎಂಬ ಸದ್ದು ಪಾದಕ್ಕೆ ಕೇಳಿಸುತ್ತಿತ್ತು.

ಆಮೆಯ ಓಡು ಎಂದರೆ ಹೊರಗಿನಿಂದ ಹೊದ್ದದ್ದಲ್ಲ, ಪಕ್ಕೆಲುಬುಗಳೇ ಹರಡಿ ಬೆಸೆದುಕೊಂಡದ್ದು. ಹೆಗಲ ಮೂಳೆ ಎಲ್ಲರಿಗೂ ಪಕ್ಕೆಲುಬಿನ ಹೊರಗೆ, ಆಮೆಗೆ ಒಳಗೆ. ಕಣವೈ ಓಡನ್ನು ಒಳಗೆಳೆದುಕೊಂಡಿತು, ಇದು ಎಲುಬನ್ನು ಹೊರಗೆ ತಂದಿತು. ಮರಳು ಬಿಸಿಯಾದಷ್ಟೂ ಹೆಣ್ಣು ಮರಿ ಹೆಚ್ಚು. ಮೊಸಳೆಯ ಮೊಟ್ಟೆಗೂ ಬಿಸಿಯದೇ ತೀರ್ಮಾನ, ಆದರೆ ಅಲ್ಲಿ 32 ಡಿಗ್ರಿಯ ಸುತ್ತ ಗಂಡು, ತಂಪಾದರೆ ಹೆಣ್ಣು. ಒಂದೇ ಮನೆಯಲ್ಲಿ ಎರಡು ಕಾನೂನು.

ಮತ್ತೆ ಕುಪ್ಪಂ

ರಾತ್ರಿ ಕಡಲು ಕದಡಿತ್ತು. ಬೆಳಿಗ್ಗೆ ದಡದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟಗಲದ ಬಿಲ್ಲೆಗಳು, ಸುತ್ತಲೂ ಕಡುನೀಲಿ ಜಾಲರಿ. ನೀಲಿ ಗುಂಡಿ ಎಂದೇ ಇಂಗ್ಲಿಷಿನವರು ಕರೆಯುವ ಪಾರ್ಪಿಟ. ಲೋಳೆಮೀನಿನ ಕಡೆಯದು, ಕುಟುಕುಕಣಗಳ ವಂಶ. ನಡುವಿನ ಬಿಲ್ಲೆಯೊಳಗೆ ಗಾಳಿ, ಅದರ ಮೇಲೆ ತೇಲುವುದು. ಕೆಳಗೆ ನೇತಾಡುವವರಲ್ಲಿ ಕೆಲವರ ಕೆಲಸ ಉಣ್ಣುವುದು, ಕೆಲವರದು ಮರಿ ಮಾಡುವುದು, ಕೆಲವರದು ಕುಟುಕುವುದು. ಇದು ಒಂದು ಪ್ರಾಣಿಯೋ, ಹಲವರ ಒಕ್ಕೂಟವೋ ಎಂದು ಬಲ್ಲವರೇ ಎರಡೂ ಕಡೆ ವಾದಿಸಿದ್ದಾರೆ. ಒಂಟಿ ಖಾತೆಯೋ, ಜಂಟಿ ಖಾತೆಯೋ? ಜಂಟಿಯಾದರೆ ಸಹಿ ಯಾರದು?

ಬಗ್ಗಿ ಬೆರಳು ಚಾಚಿದೆ.

“ತೊಡಾದೀಂಗ ಸಾರ್!” ಅಕ್ಕ ಬುಟ್ಟಿ ಇಳಿಸಿ ಕೂಗಿದಳು. “ಅದು ಸೊರಿ!”

ಸೊರಿ ಅಂದರೆ ತುರಿಕೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಬಂದು ಕಾಲಿನಿಂದ ಮರಳು ಎಳೆದು ಆ ನೀಲಿಯ ಮೇಲೆ ಮುಚ್ಚಿ, ಟಾರ್ಪಾಲು ಹಾಸಲು ಹೋದಳು.